ಹೊಸ್ತಿಲ ಮರ

"ಥೂ, ಇಳಿಯೋ ಕೆಳಕ್ಕೆ, ಬೇವರ್ಸಿ! ದೇವ್ರ ಹೊಸ್ತಿಲಾಗೋ ಮರದ ಮೇಲೆ ಕುಂಡಿ ಊರ್ಕೊಂಡು ಕುಂತವ್ನೆ, ಅವ್ರಪ್ಪನ ಮನೆ ಜಗಲಿ ಅನ್ನೋ ಹಂಗೆ!"

ಮರ ಉಜ್ಜುತ್ತಿದ್ದ ಬಡಗಿ ಮುನಿಆಂಜಿನಪ್ಪ ಮಿಷನ್ ಆರಿಸಿದ. ಬೈದವನು ಗುಡಿ ಕಮಿಟಿಯ ಅಧ್ಯಕ್ಷ ಶಿವರಾಮ್. ಯಲಹಂಕದ ಹಿಂದಿನ ಈ ಹಳ್ಳಿಯ ಹೊಲಗಳನ್ನೆಲ್ಲ ಲೇಔಟು ಮಾಡಿ ಮಾರಿ ಮುಗಿಸಿ, ಈಗ ಪುಣ್ಯಕ್ಕೆಂದು ಹೊಸ ಗುಡಿ ಕಟ್ಟಿಸುತ್ತಿದ್ದಾನೆ. ಅವನ ಬೆನ್ನ ಹಿಂದೆ ಕಮಿಟಿಯವರು ಪೂಜೆಗೆ ಮಡಿಯುಟ್ಟು ನಿಂತಿದ್ದರು.

"ಕುಂತ್ಕಳ್ದೆ ಆಗಕಿಲ್ಲ ಅಣ್ಣೋ. ಮಿಷನ್ ಒದಿತೈತೆ. ಮರನ ತೊಡೇಲೇ ಅವುಚಿ ಇಡೀಬೇಕು."

ಹೊನ್ನೆಯ ತೊಲೆ ಅದು, ನಾಲ್ಕು ಜನ ಸೇರಿದರೂ ಮಿಸುಕದು. ಮೇಜಿನ ಮೇಲೆ ಎತ್ತಿಡುವ ಮಾತೇ ಇಲ್ಲ. ಅದರ ಮೇಲೇ ಹತ್ತಿ ಕೂತು, ಮರ ಉಜ್ಜುವ ಕೈಮಿಷನ್ನಿಗೆ ಎದೆಯ ಭಾರ ಕೊಟ್ಟು ನೂಕಬೇಕು. ಗುಡಿಗಿನ್ನೂ ಮೀಟರ್ ಬಂದಿರಲಿಲ್ಲವಾದ್ದರಿಂದ ವೈರನ್ನು ಎದುರಿನ ಕೇರಿಯಿಂದ, ಮುನಿಆಂಜಿನಪ್ಪನ ಅವ್ವ ಅಕ್ಕಯ್ಯಮ್ಮನ ಮನೆಯಿಂದ ಎಳೆದಿದ್ದರು. ಕೇರಿಯ ಕರೆಂಟಿಗೆ ಮೈಲಿಗೆ ಇಲ್ಲವೆಂದು ಯಾವ ಶಾಸ್ತ್ರದಲ್ಲಿದೆಯೋ, ಅವರೇ ಬಲ್ಲರು.

ಹೊಸ ಗುಡಿಯೊಳಕ್ಕೆ ಕೇರಿಯವರಿಗೂ ಪ್ರವೇಶ ಎಂದು ಶಿವರಾಮ್ ಮಾತು ಕೊಟ್ಟಿದ್ದಕ್ಕೇ ಮುನಿಆಂಜಿನಪ್ಪ ಈ ಕೆಲಸ ಒಪ್ಪಿದ್ದು. ಅಕ್ಕಯ್ಯಮ್ಮ ಹುಟ್ಟಿದಾಗಿನಿಂದ ಬೀದಿಯಲ್ಲೇ ನಿಂತು ಕೈಮುಗಿದವಳು. "ನನ್ ಮಗ ಉಜ್ಜಿದ್ ಒಸ್ಲು ದಾಟಿ ಒಳೀಕ್ ಓಗ್ತೀನಿ" ಎಂದು ಕೇರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಅರ್ಚಕರು ತಂಬಿಗೆ ಹಿಡಿದು ಬಂದರು. ಮರಕ್ಕೆ, ವೈರಿಗೆ, ಮಿಷನ್ನಿಗೆ ಚಿಮುಕಿಸಿದರು.

"ಸಾಮಿ, ಕರೆಂಟು! ನೀರ್ ಆಕ್ಬ್ಯಾಡಿ!"

"ನೀರಲ್ವೋ, ಗಂಜಲ."

ಒಂದು ಹನಿ ಮುನಿಆಂಜಿನಪ್ಪನ ತುಟಿಗೂ ಬಿತ್ತು. ಉಗುಳಿದ. ಹಸುವಿನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ತಂಬಿಗೆ ಹಿಡಿದ ಆ ಮೆತ್ತನೆ ಕೈ ನೋಡಿ ಇನ್ನೊಂದು ಸಲ ಉಗುಳಿದ.

"ಇವ್ನು ಕೂತ ಮರಾನ ಹೆಂಗ್ರೀ ಇಡೋದು?" ಶಿವರಾಮ್ ಕೇಳಿದ.

ಅರ್ಚಕರು ತುಸು ಯೋಚಿಸಿದರು. "ಮೇಲಿನ ಒಂದು ಪದರ ತೆಗೆಸಿಬಿಡಿ, ಮೈಲಿಗೆ ಹೋಗುತ್ತೆ. ಆಮೇಲೆ ಇವರ್ಯಾರೂ ದಾಟದೇ ಇದ್ರೆ ಸಾಕು."

"ದಾಟ್ದೆ?" ಮುನಿಆಂಜಿನಪ್ಪ ಎದ್ದು ನಿಂತ. "ಅಣ್ಣೋ, ನಮ್ಮವ್ವ ಒಳೀಕ್ ಬರ್ಬೋದು ಅಂದಿದ್ರಲ್ಲ?"

"ಯಾರೋ ಬೇಡ ಅಂದಿದ್ದು? ಹೊರಗಡೆ ದೊಡ್ಡ ಟಿವಿ ಹಾಕಿಸ್ತೀನಿ. ಒಳಗಿರೋರಿಗಿಂತ ಚೆನ್ನಾಗಿ ಕಾಣ್ತಾನೆ ದೇವ್ರು. ಪದರ ತೆಗಿ, ಬೇಗ."

ಮುನಿಆಂಜಿನಪ್ಪ ಒದ್ದೆ ಮಿಷನ್ನನ್ನು ಲುಂಗಿಯಲ್ಲಿ ಒರೆಸಿ, ಅಲಗನ್ನು ಆಳಕ್ಕಿಳಿಸುವ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಮರದ ಮೇಲೆ ಕಾಲು ಚಾಚಿ ಕೂತು ಗುಂಡಿ ಒತ್ತಿದ. ಸಿಪ್ಪೆ ಎಗರಿ ಅರ್ಚಕರ ಪಂಚೆಗೆ ಮೆತ್ತಿತು.

"ಓಯ್ತಾ ಸಾಮಿ ಮೈಲ್ಗೆ?"

"ಹೋಯ್ತು, ಹೋಯ್ತು. ಇಳಿ!"

"ಎಲ್ಲಿ ಸಾಮಿ, ತಿರ್ಗಾ ಕುಂತಿವ್ನಲ್ಲ! ತಿರ್ಗಾ ಅತ್ಕಂಡೈತೆ."

ಇನ್ನೊಂದು ಪದರ ಹೋಯಿತು. ಮತ್ತೊಂದು. ಬಾಗಿಲ ಕಂಬ ಕೂರಲೆಂದು ತೊಲೆಯಲ್ಲಿ ಕೊರೆದಿದ್ದ ಗುಳಿಯ ಆಳ ಸವೆಯುತ್ತಾ ಬಂತು.

"ಲೋಫರ್ ನನ್ಮಗ, ಮರ ಹಾಳ್ ಮಾಡ್ತಾವ್ನೆ! ಹಿಡೀರೋ ಅವ್ನನ್ನ!"

ಮಡಿಯಲ್ಲಿದ್ದ ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಶಿವರಾಮ್ ತಾನೇ ವೈರಿಗೆ ಕೈಹಾಕಲು ಹೋದ. ವೈರು ಗಂಜಲದಲ್ಲಿ ತೊಯ್ದಿತ್ತು. ಕೈ ಹಿಂದೆಳೆದುಕೊಂಡು, ಅದರ ಗುಂಟವೇ ಕೇರಿಯ ಕಡೆ ಓಡಿದ.

ಅಕ್ಕಯ್ಯಮ್ಮ ಒಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಏ ಮುದ್ಕಿ, ಪ್ಲಗ್ ಕೀಳೇ! ನಿನ್ ಮಗ ಹೊಸ್ತಿಲು ಹಾಳ್ ಮಾಡ್ತಾವ್ನೆ!"

"ಯಾವ್ ಒಸ್ಲು ಸಾಮಿ? ನಾನ್ ದಾಟೋದಾ?"

ಶಿವರಾಮ್ ಕಣ್ಣು ತಪ್ಪಿಸಿದ. ಮುದುಕಿ ಅವನ ಮುಖವನ್ನೇ ನೋಡಿದಳು. ಮಿಷನ್ನಿನ ಸದ್ದಿಗೆ ಕಿವಿಗೊಟ್ಟಳು. ಆಮೇಲೆ ಇನ್ನೊಂದು ಅವರೆಕಾಯಿ ಎತ್ತಿಕೊಂಡಳು.

"ಗ್ವಾಡೇಲೈತೆ ಪ್ಲಗ್ಗು. ಬಾ, ಒಳೀಕ್ ಬಂದು ನೀನೇ ಕೀಳು."

ಶಿವರಾಮ್ ಅವಳ ಹೊಸ್ತಿಲ ಮುಂದೆ ಒಂದು ಕಾಲು ಎತ್ತಿದ. ಎತ್ತಿದ ಕಾಲನ್ನು ಹೊರಗೇ ಇಟ್ಟ. ಗುಡಿಯ ಕಡೆ ಮಿಷನ್ ಒಂದೇ ಸಮನೆ ಅರಚುತ್ತಿತ್ತು.