ಐದು ವಾಟಿಗೆ ತಕ್ಕ ವೂಫರ್

ಹುಡುಗಿಯ ತೀರಿಕೊಂಡ ಅಪ್ಪ ಕೈಯಾರೆ ಮಾಡಿದ್ದ ಆಂಪ್ಲಿಫೈಯರ್ ಕೊಡುತ್ತಿದ್ದುದು ಐದೇ ವಾಟ್. ಹೊಸ ಸ್ಪೀಕರಿನಲ್ಲೂ ದನಿ ಏಳದಿದ್ದರೆ ಅದನ್ನು ಗುಜರಿಗೆ ಹಾಕುವುದೇ ಸೈ ಎಂದು ಸೋದರಮಾವ ಹೇಳಿಬಿಟ್ಟಿದ್ದ. ಅಂಗಡಿಯಲ್ಲಿ ಅವನು ಕಲ್ಲಂಗಡಿ ಆರಿಸುವವನಂತೆ, ದಪ್ಪ ದನಿ ಹೊರಡಿಸುವ ವೂಫರುಗಳನ್ನು ಅಂಗೈಯಲ್ಲಿ ತೂಗಿ, ಎಲ್ಲಕ್ಕಿಂತ ಭಾರದ್ದನ್ನು ಎತ್ತಿಕೊಂಡ.

"ನೋಡು, ಮುನ್ನೂರು ವಾಟ್."

"ಅದು ತಡ್ಕೊಳ್ಳೋ ಲೆಕ್ಕ ಮಾಮ," ಎಂದಳು, ಅಂಗಡಿಗಳಲ್ಲಿ ಎಂದೂ ಬಾಯಿಬಿಡದ ಹುಡುಗಿ. "ನಮ್ಮ ಐದಕ್ಕೆ ಅದು ಮಿಸುಕೋದೂ ಇಲ್ಲ." ತೆಳು ಕಾಗದದ ಕೋನಿರುವ ಹಗುರ ವೂಫರನ್ನು ಬೆರಳಿನಿಂದ ಮುಟ್ಟಿ ಅಲುಗಿಸಿದಳು. "ಇದು ಒಂದು ವಾಟಿಗೇ ತೊಂಬತ್ತೇಳು ಡೆಸಿಬಲ್ ಸದ್ದು ಕೊಡುತ್ತೆ. ಕೀಚು ದನಿ ಕೊಡೋ ಟ್ವೀಟರೂ ಅಷ್ಟೇ ಇರ್ಬೇಕು. ಇಲ್ದಿದ್ರೆ ಒಂದು ಕಿರುಚುತ್ತೆ, ಇನ್ನೊಂದು ಗೊಣಗುತ್ತೆ."

"ನಿಮ್ಮತ್ತೆ, ನಾನು ಇದ್ದ ಹಾಗೆ ಅನ್ನು."

ಅಂಗಡಿಯವನು ಅವಳು ಆರಿಸಿದ ಜೋಡಿಯನ್ನು ಅವರು ಜೊತೆಗೆ ತಂದಿದ್ದ ಆಂಪ್ಲಿಫೈಯರಿಗೆ ಸೇರಿಸಿದ. ಗುಂಡಿ ಅರ್ಧ ತಿರುಗುವಷ್ಟರಲ್ಲಿ ಪಕ್ಕದ ಟೇಲರ್ ಎದ್ದು ಬಂದು, "ಸ್ವಲ್ಪ ಕಮ್ಮಿ ಮಾಡ್ರಪ್ಪ," ಎಂದ.

ಆಟೋದಲ್ಲಿ ಮನೆಗೆ ಹೋಗುವಾಗ ಮಾವ ಆಂಪ್ಲಿಫೈಯರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.