ನಿಂಬೆಯಲ್ಲಿ ಬೆಂದ ಮೀನು

ಈ ಹುಡುಗಿಯೂ ಬೆಂಕಿ ಹಚ್ಚಲಿಲ್ಲ.

ಪರದೆಯ ಮೇಲೆ ಸಂಜೆ ಇಳಿಯುತ್ತಿತ್ತು. ಹಡಗು ಒಡೆದು ದ್ವೀಪದ ದಂಡೆಗೆ ಬಂದು ಬಿದ್ದ ಆಟದ ನಾವಿಕ ಮಂಡಿಯುದ್ದ ನೀರಿನಲ್ಲಿ ನಿಂತು ಮೀನು ಚುಚ್ಚಿದ, ಅದಕ್ಕೆ ನಿಂಬೆ ಹಿಂಡಿದ, ತೆಂಗಿನಹಾಲು ಸುರಿದ, ತಿಂದ. ಹಸಿವಿನ ಪಟ್ಟಿ ತುಂಬಿತು, ಜೀವದ ಪಟ್ಟಿ ಹಸಿರಾಯಿತು. ಆಟವನ್ನು ಆಡಿ ನೋಡಲು ಬಂದಿದ್ದ ಹುಡುಗಿ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ನಾವಿಕನನ್ನು ಮತ್ತೆ ನೀರಿಗಿಳಿಸಿದಳು. ಕಡ್ಡಿ ಕೂಡಿಸುವ, ಉಜ್ಜುವ, ಕಿಡಿಗೆ ಕಾಯುವ ಗೋಜಿಗೇ ಹೋಗಲಿಲ್ಲ.

ಗಾಜಿನ ಗೋಡೆಯ ಈಚೆ ನಿಂತಿದ್ದ ಗ್ಯಾರೆತ್ ತಲೆ ಕೆರೆದುಕೊಂಡ. ಸ್ಟುಡಿಯೊ ಅವನದು, ಆಟವೂ ಅವನ ಕನಸಿನದು.

"ನೋಡಿದ್ಯಾ? ಬೆಂಕಿ ಯಾರಿಗೂ ಬೇಡ. ಬೆಂಕಿ ಇಲ್ದೆ ಹೊಗೆ ಇಲ್ಲ, ಹೊಗೆ ಕಾಣದೆ ಶತ್ರುಗಳು ಬರಲ್ಲ. ಶತ್ರುಗಳೇ ಬರದಿದ್ರೆ ಇದು ಆಟ ಅಲ್ಲ ಲೆಸಿಯೆಲಿ, ಪಿಕ್‌ನಿಕ್ಕು."

ಲೆಸಿಯೆಲಿ ನಗಲು ಪ್ರಯತ್ನಿಸಿದಳು. ಆಟದ ಊಟದ ಲೆಕ್ಕವೆಲ್ಲ ಅವಳದು. ಯಾವುದನ್ನು ಹಸಿಯಾಗಿ ತಿಂದರೆ ಎಷ್ಟು ಹಸಿವು ಅಡಗಬೇಕು, ಬೇಯಿಸಿ ತಿಂದರೆ ಎಷ್ಟು ಜೀವ ಕೂಡಬೇಕು, ಯಾವುದು ಹೊಟ್ಟೆ ಕೆಡಿಸಬೇಕು ಎಂಬುದನ್ನು ತೂಗಿ ತೂಗಿ ಇಟ್ಟವಳು ಅವಳೇ. ಹಸಿ ಕೆಸುವಿನ ಗೆಡ್ಡೆ ತಿಂದರೆ ನಾವಿಕನಿಗೆ ಗಂಟಲು ಕೆರೆದು ದನಿ ಹೋಗುತ್ತಿತ್ತು. ಹಲಸಿನಂಥ ಬ್ರೆಡ್‌ಫ್ರೂಟ್ ಕಾಯಿಯನ್ನು ಸುಡದೆ ತಿಂದರೆ ಸುಮ್ಮನೆ ಹೊಟ್ಟೆ ಭಾರ. ಮೀನಿಗೆ ಮಾತ್ರ ಅವಳು ಮೂರನೆಯ ಒಂದು ದಾರಿ ಮಾಡಿದ್ದಳು. ಬರೀ ಹಸಿ ಮೀನು ಅಷ್ಟಕ್ಕಷ್ಟೆ, ಸುಟ್ಟದ್ದು ಒಳ್ಳೆಯದು, ನಿಂಬೆಯಲ್ಲಿ ನೆನೆಸಿ ತೆಂಗಿನಹಾಲು ಬೆರೆಸಿದ್ದು ಎಲ್ಲಕ್ಕಿಂತ ಒಳ್ಳೆಯದು.

"ನಿಂಬೆ ಗಿಡ ಕಡಿಮೆ ಮಾಡಬಹುದು," ಎಂದಳು. "ಈಗ ದಂಡೆ ತುಂಬಾ ಇವೆ. ಗುಡ್ಡದ ಆಚೆ ಎಲ್ಲೋ ಒಂದೆರಡು ಇದ್ರೆ, ಹುಡುಕೋ ಶ್ರಮಕ್ಕೆ ಬೆಂಕಿ ಹಚ್ಚೋ ಶ್ರಮ ಸರಿಯಾಗುತ್ತೆ."

"ದ್ವೀಪ ಮುಗಿದುಹೋಯ್ತು. ಇನ್ನೊಂದು ಗಿಡ ಕಿತ್ತರೆ ಚಿತ್ರ ಬಿಡಿಸೋರು ನನ್ನನ್ನೇ ಕಿತ್ತು ಹಾಕ್ತಾರೆ." ಗ್ಯಾರೆತ್ ಅವಳ ಮೇಜಿನ ಅಂಚಿಗೆ ಕುಳಿತ. "ಎರಡೇ ಖಾನೆ ಇರಲಿ. ಹಸಿ, ಬೆಂದದ್ದು. ಹಸಿ ತಿಂದ್ರೆ ವಾಂತಿ, ಬೆಂದದ್ದು ತಿಂದ್ರೆ ಬಲ. ಚಿಕ್ಕ ಮಕ್ಕಳಿಗೂ ಅರ್ಥ ಆಗುತ್ತೆ."

"ಆದ್ರೆ ಅದು ಹಸಿ ಅಲ್ಲ."

"ಬೆಂಕಿ ಕಂಡಿದೆಯಾ? ಇಲ್ವಲ್ಲ, ಹಸಿ." ಅವನಿಗೆ ಸಿಟ್ಟೇನೂ ಇರಲಿಲ್ಲ. ಎದ್ದು ಹೋಗುವಾಗ, ನೆನಪಾಯಿತೆಂಬಂತೆ, "ಮುಂದಿನ ಆಟಕ್ಕೆ ಲೆಕ್ಕ ನೋಡೋರು ಒಬ್ಬರೇ ಸಾಕು ಅಂತಿದ್ದಾರೆ ದುಡ್ಡು ಹಾಕೋರು. ನಾನು ನಿನ್ನ ಹೆಸರೇ ಹೇಳಬೇಕು ಅಂತಿದೀನಿ. ಇದೊಂದು ಸರಿಹೋಗಲಿ," ಎಂದ.

ಅದು ಹಸಿ ಅಲ್ಲ ಎಂಬುದು ಲೆಸಿಯೆಲಿಯ ಮಾತಲ್ಲ, ಅಪ್ಪನ ಅಕ್ಕ ಫುಸಿ ಅತ್ತೆಯದು. ಅವರ ಹಾಗೆ ಸಾಗರದ ದ್ವೀಪಗಳಿಂದ ಬಂದವರು ನೆಲೆಸಿದ್ದ ಮಾಂಗೆರೆ ಬಡಾವಣೆಯಲ್ಲಿ, ಅತ್ತೆಯ ಅಡುಗೆಮನೆಯಲ್ಲಿ ಎಷ್ಟು ಶನಿವಾರಗಳನ್ನು ಅವಳು ಕಳೆದಿದ್ದಳೋ. ಪ್ಲಾಸ್ಟಿಕ್ ಬೋಗುಣಿಯಲ್ಲಿ ಮೀನಿನ ತುಂಡುಗಳ ಮೇಲೆ ಅತ್ತೆ ನಿಂಬೆ ಹಿಂಡುತ್ತಿದ್ದಳು. ಗಾಜಿನಂತಿದ್ದ ತುಂಡುಗಳ ಅಂಚು ಮೆಲ್ಲಗೆ ಬೆಳ್ಳಗಾಗುತ್ತಿತ್ತು. "ನೋಡು, ಬೇಯ್ತಾ ಇದೆ. ಬೆಂಕಿ ಒಂದೇನಾ ಬೇಯಿಸೋದು? ಆತುರದವಳು ತಿಂದ್ರೆ ಹಸಿ, ಮರೆತವಳು ತಿಂದ್ರೆ ರಬ್ಬರು. ಇಷ್ಟು ಬಿಳಿ ಬಂದಾಗ ಹಾಲು ಹಾಕ್ಬೇಕು. ನಿನ್ನ ಕಂಪ್ಯೂಟರಿಗೂ ಹೇಳ್ಕೊಡು." ಲೆಸಿಯೆಲಿ ಹೇಳಿಕೊಟ್ಟಿದ್ದಳು. ಆ ವಾರವೇ ಅತ್ತೆ ಚರ್ಚಿನ ಹೆಂಗಸರೆದುರು, ನಮ್ಮ ಹುಡುಗಿ ನಿಂಬೆಯಲ್ಲಿ ಬೇಯೋ ನಮ್ಮ ಓಟಾವನ್ನು ಆಟದಲ್ಲಿ ಹಾಕಿದಾಳೆ, ಇನ್ಮೇಲೆ ಅಮೆರಿಕದೋರೂ ತಿಂತಾರೆ ಎಂದು ಹೇಳಿಕೊಂಡು ಬಂದಿದ್ದಳು.

ಲೆಸಿಯೆಲಿ ಮಧ್ಯಾಹ್ನದವರೆಗೆ ಬೇರೆ ಲೆಕ್ಕಗಳನ್ನೇ ತಿದ್ದುತ್ತಿದ್ದಳು. ಆಮೇಲೆ ಬದಲಾಯಿಸಿದಳು. ಬದಲಾಯಿಸಲು ಹೊತ್ತೇನೂ ಹಿಡಿಯಲಿಲ್ಲ, ಅದೇ ಅವಳಿಗೆ ನಾಚಿಕೆಯೆನಿಸಿದ್ದು. ನಿಂಬೆ ಹಿಂಡಿದ ಮೀನು ಹಸಿಯ ಖಾನೆಗೆ ಹೋಯಿತು. ತಿಂದ ನಾವಿಕ ಹೊಟ್ಟೆ ಹಿಡಿದುಕೊಂಡು ಮರಳಿಗೆ ಬಾಗಿದ. ಮರುದಿನ ಆಡಲು ಬಂದವರೆಲ್ಲ ಒಂದೊಂದು ಸಲ ವಾಂತಿಯಾಗಿ ಸತ್ತು, ಬೈದು, ಬೆಂಕಿ ಹಚ್ಚಿದರು. ಹೊಗೆ ಕಂಡು ಶತ್ರುಗಳು ಬಂದರು. ಗ್ಯಾರೆತ್ ಕುಣಿದಾಡಿದ.

ಅತ್ತೆಗೆ ಹೇಳಬೇಕಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ, ಮನೆಗೆ ಹೋದಾಗ ಹೇಳೋಣ ಎಂದುಕೊಂಡಳು. ಮನೆಗೆ ಹೋದಾಗ ನೆಂಟರಿದ್ದರು. ಆಮೇಲೆ ಅತ್ತೆಗೆ ಮಂಡಿನೋವು. ಅತ್ತೆ ಆಟ ಆಡುವವಳೇನೂ ಅಲ್ಲ, ಮರ ನೋಡುತ್ತಾಳೆ, ಸಮುದ್ರ ನೋಡುತ್ತಾಳೆ, ಚಪ್ಪಾಳೆ ತಟ್ಟುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸ್ಟುಡಿಯೊದವರ ಮನೆಯವರಿಗೆಲ್ಲ ಆಟ ತೋರಿಸುವ ದಿನ ಅತ್ತೆ ಬಂದಳು. ಚರ್ಚಿಗೆ ಹೋಗುವಾಗಿನ ಕಪ್ಪು ಉಡುಪು, ಗೌರವದ ಕಡೆ ಹೋಗುವಾಗ ಅವರ ದ್ವೀಪದವರು ಸೊಂಟಕ್ಕೆ ಸುತ್ತಿಕೊಳ್ಳುವ ಹೆಣೆದ ಚಾಪೆ, ಎಣ್ಣೆ ಹಚ್ಚಿ ಎತ್ತಿ ಕಟ್ಟಿದ ಬಿಳಿ ಕೂದಲು. ಒಳಗೆ ಕಾಲಿಟ್ಟಾಗ ಜೀನ್ಸು ತೊಟ್ಟ ಹುಡುಗರೆಲ್ಲ ತಮಗೇ ತಿಳಿಯದೆ ಎದ್ದು ನಿಂತರು.

"ಕೂತ್ಕೊಳ್ರಪ್ಪಾ, ನಾನೇನು ರಾಣಿನಾ?" ಎಂದಳು ಅತ್ತೆ. ದೊಡ್ಡ ಕುರ್ಚಿಯಲ್ಲಿ ಮಾತ್ರ ತಾನೇ ಕುಳಿತಳು.

ಗ್ಯಾರೆತ್ ಖುಷಿಯಿಂದ ಅವಳ ಕೈಗೆ ಆಟದ ಗುಂಡಿಗಳಿದ್ದ ಪೆಟ್ಟಿಗೆ ಕೊಟ್ಟುಬಿಟ್ಟ. "ನೀವೇ ಆಡಬೇಕು ಆಂಟಿ! ಅಡುಗೆ ಹೇಳಿಕೊಟ್ಟೋರು ಅಂತ ಕೊನೇಲಿ ಬರೋ ಹೆಸರುಗಳಲ್ಲಿ ನಿಮ್ಮದೂ ಇದೆ, ಗೊತ್ತಾ?"

"ಅವರ ಬೆರಳು ನೋಯುತ್ತೆ..." ಎಂದು ಲೆಸಿಯೆಲಿ ಶುರುಮಾಡಿದಳು.

"ನನ್ನ ಬೆರಳಿನ ಸುದ್ದಿ ನಿನಗ್ಯಾಕೆ? ಗಂಡು ಹುಡುಗರಿಗಿಂತ ಮೊದಲು ಮೀನು ಹೊಡೀತಿದ್ದೆ ನಾನು."

ಹೊಡೆದಳೂ ಕೂಡ. ಮೊದಮೊದಲು ನಾವಿಕ ಬಂಡೆಗೆ ಢಿಕ್ಕಿ ಹೊಡೆದ. ಆಮೇಲೆ ಅತ್ತೆ ಅವನನ್ನು ನೀರಿನಲ್ಲಿ ಅಲ್ಲಾಡದೆ ನಿಲ್ಲಿಸಿ ನೆರಳಿಗಾಗಿ ಕಾದಳು. ಮೀನು ಸಿಕ್ಕಾಗ ಹಿಂದೆ ಸೇರಿದ್ದವರೆಲ್ಲ ಕೂಗಿದರು. ಅತ್ತೆ ಕಡ್ಡಿಗಳ ರಾಶಿಯ ಪಕ್ಕದಲ್ಲೇ ಹಾದುಹೋಗಿ ನಿಂಬೆಗಿಡದ ಹತ್ತಿರ ನಿಂತಳು. ಕಿತ್ತಳು, ಹಿಂಡಿದಳು. ಗುಂಡಿಗಳಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಏನಾಯ್ತು? ನಿಂತುಹೋಯ್ತಾ?" ಗ್ಯಾರೆತ್ ಪಿಸುಗುಟ್ಟಿದ.

ಏನೂ ನಿಂತಿರಲಿಲ್ಲ. ಅಂಚು ಬೆಳ್ಳಗಾಗಲೆಂದು ಅತ್ತೆ ಕಾಯುತ್ತಿದ್ದಳು. ಆ ಮೀನು ಬೆಳ್ಳಗಾಗುವುದನ್ನು ಯಾರೂ ಚಿತ್ರಿಸಿರಲಿಲ್ಲ. ಅಲೆ ಬಂತು, ಹೋಯಿತು. ತುಂಡುಗಳು ಕಚ್ಚಾ ಗುಲಾಬಿ ಬಣ್ಣದಲ್ಲೇ ಹೊಳೆಯುತ್ತಿದ್ದವು. ಹಿಂದಿನಿಂದ ಯಾರೋ ಕಿಸಕ್ಕೆಂದರು.

ಅತ್ತೆ ತಿರುಗಿ ನೋಡಿದಳು. ಬೇರೆ ಯಾರನ್ನೂ ಅಲ್ಲ, ಲೆಸಿಯೆಲಿಯನ್ನು.

"ಆಯ್ತೇನೇ?"

ಬೇಡ ಅತ್ತೆ, ಬೆಂಕಿ ಹಚ್ಚಿ ಎನ್ನಬಹುದಿತ್ತು. ಆದರೆ ಅಪ್ಪನ ಅಕ್ಕನ ಕೈಯ ಅಡುಗೆಗೆ, ಅದೂ ಪರರೆದುರು, ಹೀಗಲ್ಲ ಎನ್ನುವ ನಾಲಿಗೆ ಅವರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪನಿಗೇ ಇರಲಿಲ್ಲ. ಲೆಸಿಯೆಲಿ ಬಾಯಿ ತೆರೆದಳು. ಹುಟ್ಟಿದಾಗಿನಿಂದ ರೂಢಿಯಾದ ಉತ್ತರವೇ ಹೊರಬಂತು.

"ಆಯ್ತು ಅತ್ತೆ. ತಿನ್ನಿ."

ಅತ್ತೆ ತೆಂಗಿನಹಾಲು ಸುರಿದಳು, ತಿಂದಳು.

ನಾವಿಕ ಹೊಟ್ಟೆ ಹಿಡಿದುಕೊಂಡ. ಮಂಡಿಯೂರಿದ. ವಾಂತಿಯ ಶಬ್ದವನ್ನು ಬಹಳ ಚೆನ್ನಾಗಿ ಮಾಡಿದ್ದರು. ದೊಡ್ಡ ಸ್ಪೀಕರುಗಳಲ್ಲಿ ಕೋಣೆಯಿಡೀ ಕೇಳಿಸಿತು. ಜೀವದ ಪಟ್ಟಿ ಕೆಂಪಾಗಿ ಕರಗಿ ಮುಗಿಯಿತು. ಎಲ್ಲರೂ ಹೊಟ್ಟೆ ತುಂಬಾ ನಕ್ಕರು. ಅದರಲ್ಲಿ ಕೇಡೇನೂ ಇರಲಿಲ್ಲ, ಎಲ್ಲರ ಸಾವಿಗೂ ಅವರು ಹಾಗೆಯೇ ನಗುತ್ತಿದ್ದರು.

"ಬೇಯಿಸ್ಬೇಕಿತ್ತು ಆಂಟಿ!" ಎಂದ ಗ್ಯಾರೆತ್. "ಬೇಜಾರು ಮಾಡ್ಕೋಬೇಡಿ, ಮೊದಲ ಸಲ ಎಲ್ರೂ ಹೀಗೇ ಸಾಯೋದು."

ಅತ್ತೆ ಪರದೆಯನ್ನೇ ನೋಡುತ್ತಿದ್ದಳು. "ನಾನು ನಿಂಬೆ ಕಡಿಮೆ ಹಿಂಡಿದ್ನಾ?"

"ಇಲ್ಲ ಇಲ್ಲ, ನಿಮ್ಮದೇನೂ ತಪ್ಪಿಲ್ಲ. ಹಸಿ ತಿಂದ್ರೆ ಹಾಗಾಗ್ಲಿ ಅಂತಾನೇ ಇಟ್ಟಿರೋದು."

"ಯಾರು ಇಟ್ಟಿರೋದು?"

"ಇನ್ಯಾರು! ಊಟದ ಲೆಕ್ಕ ಪೂರ್ತಿ ನಿಮ್ಮ ಹುಡುಗೀದೇ." ಅವನು ಲೆಸಿಯೆಲಿಯ ಭುಜ ತಟ್ಟಿದ. ಒಳ್ಳೆಯದನ್ನೇ ಹೇಳುತ್ತಿದ್ದೇನೆ ಎಂಬ ಹೆಮ್ಮೆ ಅವನ ಮುಖದಲ್ಲಿತ್ತು. "ಮುಂದಿನ ಆಟಕ್ಕೂ ಇವಳೇ. ಇವತ್ತು ಬೆಳಿಗ್ಗೆ ಒಪ್ಪಿದರು."

ಅತ್ತೆ ಬೈದಿದ್ದರೆ ಆಗುತ್ತಿತ್ತು. ಅವಳು ಬೈದರೆ ಬೀದಿ ಕೇಳಿಸಿಕೊಳ್ಳುತ್ತದೆ, ಆಮೇಲೆ ಮುಗಿದುಹೋಗುತ್ತದೆ. ಈಗ ಅವಳು ಪೆಟ್ಟಿಗೆಯನ್ನು ಎರಡೂ ಕೈಗಳಿಂದ ಗ್ಯಾರೆತ್‌ಗೆ ಹಿಂದಿರುಗಿಸಿ, "ಸಮುದ್ರ ಚೆನ್ನಾಗಿದೆ. ಅಲೆ ನಮ್ಮ ಕಡೆಯದರ ಹಾಗೇ ಇದೆ. ಬಹಳ ಕಷ್ಟಪಟ್ಟಿದ್ದೀರಿ," ಎಂದಳು. ಪಾದ್ರಿಯ ಮನೆಗೆ ಹೋದಾಗ ಆಡುವಂಥ ಮಾತು.

ಅಷ್ಟರಲ್ಲಿ ಊಟ ಬಂತು. ರಟ್ಟಿನ ಡಬ್ಬಿಗಳನ್ನು ಉದ್ದದ ಮೇಜಿನ ಮೇಲೆ ತೆರೆದಿಟ್ಟರು. ಚೀಸ್ ಕರಗಿದ ವಾಸನೆ ಹಬ್ಬಿತು, ಎಲ್ಲರೂ ಮುಗಿಬಿದ್ದರು. ಲೆಸಿಯೆಲಿ ಒಳ್ಳೆಯದೊಂದು ಪಿಜ್ಜಾ ತುಂಡು ಆರಿಸಿ, ಕಾಗದದ ತಟ್ಟೆಯಲ್ಲಿಟ್ಟು, ಅತ್ತೆಯ ಕುರ್ಚಿಯ ಬಳಿ ಮಂಡಿ ಬಾಗಿಸಿ ಕೊಟ್ಟಳು. ಮದುವೆಯಿರಲಿ, ಸಾವಿನ ಊಟವಿರಲಿ, ಮೊದಲ ತಟ್ಟೆ ಅತ್ತೆಗೆ. ಅತ್ತೆ ಒಂದು ತುತ್ತು ಬಾಯಿಗಿಡುವ ತನಕ ತಮ್ಮನ ಮಕ್ಕಳು ತಿನ್ನುವಂತಿಲ್ಲ.

ಅತ್ತೆ ತಟ್ಟೆಯನ್ನು ತೆಗೆದುಕೊಂಡಳು. ಒಂದಿಷ್ಟು ಹೊತ್ತು ನೋಡಿದಳು.

"ಇದು ಬೆಂದಿದೆಯೇನೇ?"

"ಬೆಂದಿದೆ ಅತ್ತೆ."

"ಸರಿಯಾಗಿ ನೋಡಿ ಹೇಳು. ನೀನು ಹೇಳಿದ್ರೆ ನಾನು ತಿಂದುಬಿಡ್ತೀನಿ."

ಲೆಸಿಯೆಲಿ ಎದ್ದು ನಿಂತಳು. ಅತ್ತೆ ತಟ್ಟೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದಳು. ಹೊರಗೆ ಬಂದರಿನಲ್ಲಿ ದೋಣಿಗಳು ಹಾಯಿ ಮಡಚಿಕೊಂಡು ನಿಂತಿದ್ದವು. ಹುಡುಗರು ಎರಡನೆಯ ಸುತ್ತು ಮುಗಿಸಿ ಬೆರಳು ಚೀಪುತ್ತಿದ್ದರು. ಗ್ಯಾರೆತ್ ಬಾಯಿ ತುಂಬಿಕೊಂಡೇ, "ಬಾರೇ, ಆರಿಹೋಗುತ್ತೆ, ನಿನ್ನ ಪಾಲು ಎತ್ತಿಟ್ಟಿದೀನಿ," ಎಂದು ಕರೆದ.

"ಆಮೇಲೆ ತಿಂತೀನಿ," ಎಂದಳು ಲೆಸಿಯೆಲಿ.

ಅವಳು ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು. ತುಂಡಿನ ಮೇಲಿನ ಚೀಸ್ ಮೊದಲು ಮಂಕಾಯಿತು, ಆಮೇಲೆ ಮೇಣದ ಹಾಗೆ ಬಿಗಿಯಿತು. ಕೆಳಗಿನ ಕಾಗದಕ್ಕೆ ಎಣ್ಣೆ ಇಳಿದು ಅದರಾಚೆ ಅತ್ತೆಯ ಬೆರಳುಗಳು ಮಸುಕಾಗಿ ಕಾಣತೊಡಗಿದವು. ಅವು ತಟ್ಟೆಯನ್ನು ಎರಡೂ ಕಡೆಯಿಂದ ಓರೆಯಾಗದಂತೆ ಹಿಡಿದಿದ್ದವು.