ಒಂಟಿಕೊಪ್ಪಲಿನ ಸಿಂಹದ ನಲ್ಲಿ

"ನಿಮ್ ತಾತ ಮುಟ್ಟಿದ್ರೆ ನೀರು ಬರೋದು. ನೀನು ಮುಟ್ಟಿದ್ಮೇಲೆ ಗಾಳಿನೂ ಬರ್ತಿಲ್ಲ ಕಣೋ. ಏಳ್ನೇ ಕ್ಲಾಸಿಗೇ ಬ್ಯಾಗ್ ಬಿಸಾಕ್ದೋನ್ನ ನೀರು ಬಿಡೋ ಕೆಲ್ಸಕ್ಕೆ ಇಟ್ಕೊಂಡ್ರೆ ಇನ್ನೇನಾಯ್ತದೆ."

ಹೂವಿನ ಬುಟ್ಟಿಗೆ ಒಣಬಟ್ಟೆ ಹೊದಿಸುತ್ತ ಸುಮಿತ್ರಮ್ಮ ಇಡೀ ಆಟೋಸ್ಟ್ಯಾಂಡಿಗೆ ಕೇಳುವ ಹಾಗೆ ಅಂದರು. ಆಟೋದವರು ನಕ್ಕರು. ಮಹದೇವು ಅಂತೂ ಟೀ ಚೆಲ್ಲಿಕೊಂಡು ನಕ್ಕ. ಬೀರೇಶನ ಬಾಯಿಗೆ ಬಂದಿದ್ದು ಕೆಟ್ಟ ಮಾತು. ತಾತನ ವಯಸ್ಸಿನವರು ಎಂದು ನುಂಗಿಕೊಂಡ.

ಆ ಮೂಲೆಯಲ್ಲಿರುವುದು ಮಹಾರಾಜರ ಕಾಲದ ಬೀದಿ ನಲ್ಲಿ. ಎದೆಯೆತ್ತರದ ಕಬ್ಬಿಣದ ಕಂಬ, ಅದರಲ್ಲೊಂದು ಸಿಂಹದ ಮುಖ, ಸಿಂಹದ ಬಾಯಿಂದ ನೀರು. ಯಾದವಗಿರಿಯ ದಿಣ್ಣೆಯ ಟ್ಯಾಂಕಿನಿಂದ ಇಳಿದು ಬರುವ ಹಳೇ ಪೈಪಿಗೆ ಉಳಿದಿರುವ ಕೊನೇ ನಲ್ಲಿ. ಮಿಕ್ಕವನ್ನೆಲ್ಲ ರಸ್ತೆ ಅಗಲ ಮಾಡುವಾಗ ಕಿತ್ತು ಗುಜರಿಗೆ ಹಾಕಿದರು. ಅದನ್ನು ನೆನೆದರೆ ಬೀರೇಶನಿಗೆ ಇವತ್ತಿಗೂ ಮೈ ಉರಿಯುತ್ತದೆ. ಊರಿಗೆ ಊರೇ ಬೊಗಸೆಯೊಡ್ಡಿ ಕುಡಿದಿದ್ದನ್ನು ತಕ್ಕಡಿಗೆ ಹಾಕಿದರಲ್ಲ, ಇವರ ಮನೆ ಹಾಳಾಗ.

ಈಗ ಇದರ ಸರದಿ. ನೀರು ನಿಂತು ವಾರವಾಗಿತ್ತು. ಇಂಜಿನಿಯರ್ ಶಿಲ್ಪಶ್ರೀ ಮೇಡಂ ನಿನ್ನೆ ಬಂದು ನೋಡಿದ್ದರು.

"ಪೈಪ್ ಕಟ್ಕೊಂಡಿದೆ ಅಂತೀರಲ್ಲ ಬೀರೇಶ್. ನೀರಿದ್ರೆ ಉಳಿಸಿ ಅಂತ ನಾನೂ ಮೇಲಿನೋರ ಹತ್ರ ಜಗಳ ಆಡ್ಬೋದು. ಒಣಗಿದ ಕಂಬಕ್ಕೆ ಏನಂತ ಆಡ್ಲಿ? ನಾಳೆ ಮಧ್ಯಾಹ್ನ ಕತ್ತರಿಸೋರು ಬರ್ತಾರೆ. ಅಷ್ಟರೊಳಗೆ ನೀರು ಬಂದ್ರೆ ಫೋನ್ ಮಾಡಿ."

ಬೀರೇಶ ರಸ್ತೆಯಂಚಿನ ಗುಂಡಿಯ ಮುಚ್ಚಳ ಎತ್ತಿ ಒಳಗಿನ ವಾಲ್ವಿಗೆ ಕಬ್ಬಿಣದ ಉದ್ದ ಕೀಲಿ ಕೂರಿಸಿದ. ಹೋದ ವಾರ ನೀರು ಸಣ್ಣಗೆ ಬರುತ್ತಿದ್ದಾಗ, ಇನ್ನಷ್ಟು ಬಿಡೋಣ ಎಂದು, ತಾತ ಹೋದಾಗಿನಿಂದ ತೆರೆದೇ ಇದ್ದ ಇದನ್ನು ಮೊದಲ ಸಲ ಎಡಕ್ಕೆ ತಿರುವಿದ್ದ. ನೀರು ಇನ್ನೂ ಸಣ್ಣಗಾಯಿತು. ಮತ್ತೆ ತಿರುವಿದ. ನಿಂತೇ ಹೋಯಿತು. ಆಮೇಲೆ ದಿನಾ ಬಂದು ಮೈಯ ಕಸುವೆಲ್ಲ ಹಾಕಿ ಎಡಕ್ಕೆ ಎಳೆದಿದ್ದ. ಹೊಸ ವಾಲ್ವುಗಳೆಲ್ಲ ಎಡಕ್ಕೇ ಬಿಚ್ಚುವುದು. ಇದು ಮಾತ್ರ ಕಲ್ಲಾಗಿತ್ತು.

ಇವತ್ತೂ ಎಳೆದ. ಅಂಗೈ ಕಿತ್ತುಬಂತು.

ತಾತ ಚಾಮಯ್ಯ ಆಯಸ್ಸೆಲ್ಲ ಈ ಬಡಾವಣೆಗೆ ನೀರು ಬಿಟ್ಟವನು. ಹೋದ ವರ್ಷ ತೀರಿಕೊಂಡ. ಬೆಳಗಾಗುವ ಮೊದಲೇ ಖಾಕಿ ಅಂಗಿ ತೊಟ್ಟು ಬರುತ್ತಿದ್ದ. ನಲ್ಲಿಯ ಮುಂದೆ ಕೊಡಗಳ ಸಾಲು, ಕೊಡ ಇಲ್ಲದವರು ಸರದಿಗಿಟ್ಟ ಕಲ್ಲು, ಇಬ್ಬರ ಜಗಳ ಬಿಡಿಸಲು ಮೂರನೆಯವರ ಜಗಳ. ತಾತ ಬಂದರೆ ಎಲ್ಲ ಗಪ್‌ಚಿಪ್. ಪುಟ್ಟ ಬೀರೇಶನಿಗೆ ಕೀಲಿಯ ಅಡ್ಡಹಿಡಿಯ ಒಂದು ತುದಿ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಇಬ್ಬರೂ ಗುಂಡಿಯ ಸುತ್ತ ನಡೆಯುತ್ತಿದ್ದರು.

"ಅಂಗಲ್ಲ ಕಣ್ಲಾ. ದೇವ್ರುನ್ನ ಸುತ್ತೋದಿಲ್ವಾ, ಅಂಗೆ ಸುತ್ತು. ಬಲಗೈ ಒಳಕ್ಕಿರ್ಲಿ. ಗಂಗಮ್ಮ ಅವ್ಳೆ ಒಳಗೆ."

ಬೀರೇಶ ಕೀಲಿ ಬಿಟ್ಟು ನೆಟ್ಟಗೆ ನಿಂತ. ದೇವರನ್ನು ಸುತ್ತುವುದು ಬಲಕ್ಕೆ. ತಾತ ನೀರು ಬಿಡುತ್ತಿದ್ದದ್ದು ಬಲಕ್ಕೆ. ಹಳಬರು ಕೂರಿಸಿದ ಈ ವಾಲ್ವು ಬಿಚ್ಚುವುದೇ ಬಲಕ್ಕೆ. ವಾರದಿಂದ ತಾನು ಎಳೆದೆಳೆದು ಬಿಗಿದದ್ದೆಲ್ಲ ಮುಚ್ಚುವ ಕಡೆಗೆ. ಗುಜರಿಯವರನ್ನು ಬೈದ ಬಾಯಿ ಒಣಗಿತು.

ಬಲಗೈ ಒಳಕ್ಕೆ ಮಾಡಿ ಎದೆ ಕೊಟ್ಟು ನೂಕಿದ. ಕಬ್ಬಿಣ ಕಿರುಗುಟ್ಟಿತು, ಅಲುಗಿತು. ಒಂದು ಸುತ್ತು ಬಂದು ನಿಂತ, ತಾತ ನಿಲ್ಲುತ್ತಿದ್ದ ಹಾಗೆ, ಗಾಳಿ ಹೊರಟುಹೋಗಲಿ ಎಂದು. ಮತ್ತೆ ನಡೆದ. ಕಂಬದೊಳಗೆ ಗೊಳಗೊಳ ಸದ್ದು. ಸಿಂಹ ಕೆಮ್ಮಿ ಕೆಂಪು ನೀರು ಕಕ್ಕಿತು. ಸ್ವಲ್ಪ ಹೊತ್ತಿಗೆ ತಿಳಿ ನೀರು ಧಾರೆಯಾಗಿ ಬಿತ್ತು.

ಫೋನ್ ತೆಗೆದು ಮೇಡಂಗೆ ನೀರಿನ ಸದ್ದನ್ನೇ ಕೇಳಿಸಿದ.

"ಗೊತ್ತಾಯ್ತು ಬೀರೇಶ್, ಕತ್ತರಿಸೋರ್ನ ವಾಪಸ್ ಕಳಿಸ್ತೀನಿ. ಉಳಿದದ್ದು ನನಗೆ ಬಿಡಿ" ಅಂದರು ಮೇಡಂ.

ಸುಮಿತ್ರಮ್ಮ ಬೊಗಸೆಯೊಡ್ಡಿ ಕುಡಿದು, ಒದ್ದೆ ಕೈಯನ್ನು ಹೂವಿನ ಮೇಲೆ ಕೊಡವಿದರು. ದನಿ ಮೆತ್ತಗಾಗಿತ್ತು.

"ಅದೇ ರುಚಿ ಕಣಪ್ಪ. ಚಾಮಣ್ಣನ ಮೊಮ್ಮಗ ಅನ್ನಿಸ್ಕೊಂಡ್ಬುಟ್ಟೆ. ನನ್ ಬಾಯಿ ಸರಿಯಿಲ್ಲ, ಮನ್ಸಿಗೆ ಹಚ್ಕೋಬ್ಯಾಡ."

"ಅಲ್ಲ ಬೀರ, ಇಷ್ಟು ಚೆಂದಾಗಿ ಬರೋ ನೀರ್ನ ಯಾವನ್ಲಾ ಮುಚ್ಚಿಟ್ಟಿದ್ದು?" ಎಂದ ಮಹದೇವು, ಮುಖ ತೊಳೆಯುತ್ತ. "ಹೆಸ್ರು ಹೇಳು, ಎಲ್ಲಾರೂ ಸೇರಿ ವಿಚಾರಿಸ್ಕೋತೀವಿ."

ಎಲ್ಲರೂ ಬೀರೇಶನ ಮುಖ ನೋಡಿದರು. ಅವನು ಗುಂಡಿಯ ಮುಚ್ಚಳ ಹಾಕಿದ, ಕೀಲಿಯನ್ನು ಹೆಗಲಿಗೇರಿಸಿದ, ಯಾದವಗಿರಿಯ ಕಡೆ ನಡೆದುಬಿಟ್ಟ.